ತೋಳಿನ ಕೀಲುಗಳ ಬಿಗಿತ: ಕಾರಣ ಅರಿಯದ ಚಿಕಿತ್ಸೆ ದುಬಾರಿ

ಜವಳಿ ಅಂಗಡಿಯೊಂದರ ಮಾಲೀಕರು; ವಯಸ್ಸು ಐವತ್ತೆರಡು. ನವರಾತ್ರಿಯ ವ್ಯಾಪಾರ ಭರದಿಂದ ಸಾಗಿದ್ದ ಒಂದು ಸಂಜೆ, ಮೇಲಿನ ಹಲಗೆಯಲ್ಲಿದ್ದ ಸೀರೆಯ ಕಟ್ಟನ್ನು ಇಳಿಸಲು ಎಡಗೈ ಎತ್ತಿದಾಗ ಭುಜದಲ್ಲಿ ಚಳುಕು ಹೊಡೆದಂತಾಯಿತು. ರಾತ್ರಿ ಕೈ ಮೇಲೆ ಮಲಗಿದ್ದರ ಫಲವಿರಬೇಕೆಂದು ಎಣ್ಣೆ ಹಚ್ಚಿ ಸುಮ್ಮನಾದರು. ವೈದ್ಯರಿಗೆ ತೋರಿಸಬೇಕೆಂದು ಮನೆಯವರು ಒತ್ತಾಯಿಸಿದಾಗ, ದೀಪಾವಳಿ ಕಳೆಯಲಿ ಎಂದರು. ದೀಪಾವಳಿ ಕಳೆದ ಮೇಲೆ ಮದುವೆಗಳ ಕಾಲ ಬಂದಿತು. ಅದು ಮುಗಿಯುವಷ್ಟರಲ್ಲಿ ಮಾರ್ಚ್ ಅಂತ್ಯದ ಲೆಕ್ಕಪತ್ರಗಳ ಗಡಿಬಿಡಿ. ಆ ಹೊತ್ತಿಗೆ ಅಂಗಿಯ ತೋಳಿಗೆ ಕೈ ತೂರಿಸಲು ಮಗನ ನೆರವು ಬೇಕಾಗಿತ್ತು. ಹಿಂದಿನ ಜೇಬಿಗೆ ಕೈ ಹೋಗುತ್ತಿರಲಿಲ್ಲ. ನಿದ್ರೆಯಲ್ಲಿ ಎಡ ಮಗ್ಗುಲಿಗೆ ಹೊರಳಿದರೆ ಉಳಿದ ರಾತ್ರಿಯೆಲ್ಲ ಎಚ್ಚರವೇ. ಕಡೆಗೆ ಏಪ್ರಿಲ್ ತಿಂಗಳಲ್ಲಿ ಮೂಳೆ ತಜ್ಞರನ್ನು ಕಂಡರು. ಎಕ್ಸ್‌ರೇ ಸರಿಯಾಗಿತ್ತು, ರಕ್ತಪರೀಕ್ಷೆ ಸರಿಯಿರಲಿಲ್ಲ. ಭುಜದ ನೋವಿಗೆ ಔಷಧ ಕೇಳಲು ಹೋದವರು ತಮಗೆ ಮಧುಮೇಹವಿದೆ ಎಂಬುದನ್ನು ಅಂದು ಮೊದಲ ಬಾರಿಗೆ ತಿಳಿದರು.

ಇಂತಹ ಪ್ರಸಂಗ ವ್ಯಾಪಾರಿ ಬಂಧುಗಳ ನಡುವೆ ಅಪರೂಪವಲ್ಲ. ನಲವತ್ತು ದಾಟಿದವರಲ್ಲಿ ಭುಜ, ಮೊಣಕೈ, ಮಣಿಕಟ್ಟು ಅಥವಾ ಬೆರಳುಗಳು ಬಿಗಿದುಕೊಳ್ಳುವುದು ಸಾಮಾನ್ಯವಾದ ತೊಂದರೆ. ಸಾಮಾನ್ಯವಾದುದರಿಂದಲೇ ಅದನ್ನು ‘ವಾಯು’ ಎಂದೋ ‘ವಯಸ್ಸಿನ ದೋಷ’ ಎಂದೋ ಕರೆದು ತಳ್ಳಿಹಾಕಲಾಗುತ್ತದೆ. ವಾಸ್ತವದಲ್ಲಿ ಬಿಗಿತವು ಸ್ವತಃ ಒಂದು ರೋಗವಲ್ಲ. ಹಲವು ಬೇರೆ ಬೇರೆ ರೋಗಗಳು ತೋರುವ ಒಂದೇ ಲಕ್ಷಣ. ತಾಳೆಪಟ್ಟಿ ಹೊಂದದಿದ್ದಾಗ ವ್ಯತ್ಯಾಸದ ಮೊತ್ತವನ್ನು ಅನಾಮತ್ತು ಖಾತೆಗೆ ಹಾಕಿದರೆ ಎರಡು ಬದಿಯ ಮೊತ್ತ ಸಮವಾಗುತ್ತದೆಯೇ ಹೊರತು ತಪ್ಪು ತಿದ್ದಿದಂತಾಗುವುದಿಲ್ಲ. ಕಾರಣ ತಿಳಿಯದೆ ನುಂಗುವ ನೋವಿನ ಮಾತ್ರೆಯೂ ಅಂತಹದೇ ಒಂದು ಅನಾಮತ್ತು ಖಾತೆ. ತಪ್ಪು ಎಲ್ಲಿದೆ ಎಂಬುದನ್ನು ಎಷ್ಟು ಬೇಗ ಹುಡುಕಲಾಗುತ್ತದೆಯೋ ನಷ್ಟ ಅಷ್ಟು ಕಡಿಮೆ.

ವೈದ್ಯರು ಕೇಳುವ ಮೂರು ಪ್ರಶ್ನೆಗಳು

ಎರಡು ಮೂಳೆಗಳು ಸಂಧಿಸುವ ಕೀಲನ್ನು ಒಂದು ತೆಳುವಾದ ಚೀಲ ಸುತ್ತುವರಿದಿರುತ್ತದೆ. ಅದರೊಳಗೆ ಜಾರುಗುಣವುಳ್ಳ ದ್ರವ, ಮೂಳೆಗಳ ತುದಿಯಲ್ಲಿ ನುಣುಪಾದ ಮೃದ್ವಸ್ಥಿ, ಹೊರಗೆ ಸ್ನಾಯು ಮತ್ತು ಸ್ನಾಯುರಜ್ಜುಗಳು ಇರುತ್ತವೆ. ಇವುಗಳಲ್ಲಿ ಯಾವುದು ಕೆಟ್ಟರೂ ರೋಗಿಗೆ ಅನುಭವಕ್ಕೆ ಬರುವುದು ಒಂದೇ: ಕೈ ಮೊದಲಿನಂತೆ ಆಡುತ್ತಿಲ್ಲ. ಕೆಟ್ಟಿರುವುದು ಯಾವುದು ಎಂದು ಬೇರ್ಪಡಿಸಲು ಅನುಭವಿ ವೈದ್ಯರು ಸಾಮಾನ್ಯವಾಗಿ ಮೂರು ಪ್ರಶ್ನೆಗಳಿಂದ ಆರಂಭಿಸುತ್ತಾರೆ.

1. ರೋಗಿ ತಾನಾಗಿ ಕೈ ಎತ್ತಲಾರನೋ, ಅಥವಾ ಮತ್ತೊಬ್ಬರು ಹಿಡಿದು ಎತ್ತಿದರೂ ಅದು ಏಳದೋ? ಹಿಡಿದು ಎತ್ತಿದಾಗ ಏಳುವುದಾದರೆ ಸ್ನಾಯುರಜ್ಜು ಹರಿದಿರಬಹುದು ಅಥವಾ ನರದ ಬಲ ಕುಗ್ಗಿರಬಹುದು. ಎರಡು ರೀತಿಯಲ್ಲೂ ಏಳದಿದ್ದರೆ ಕೀಲಿನ ಚೀಲವೋ ಕೀಲೋ ಬಿಗಿದಿದೆ ಎಂದರ್ಥ.

2. ಬೆಳಗ್ಗೆ ಎದ್ದಾಗ ಇರುವ ಬಿಗಿತ ಎಷ್ಟು ಹೊತ್ತು ಉಳಿಯುತ್ತದೆ? ಅರ್ಧ ಗಂಟೆಯೊಳಗೆ ಸಡಿಲವಾದರೆ ಅದು ಬಹುತೇಕ ಸವೆತದ ಸಂಧಿವಾತ. ಗಂಟೆಗೂ ಹೆಚ್ಚು ಕಾಲ ಉಳಿದರೆ ಉರಿಯೂತದ ಸಂಧಿವಾತವನ್ನು ಶಂಕಿಸಬೇಕಾಗುತ್ತದೆ.

3. ತೊಂದರೆ ಇರುವುದು ಒಂದೇ ಕೀಲಿನಲ್ಲೋ, ಎರಡೂ ಕೈಗಳ ಅನೇಕ ಕೀಲುಗಳಲ್ಲೋ? ಮೊದಲನೆಯದಾದರೆ ಕಾರಣ ಆ ಜಾಗದಲ್ಲೇ ಇರುವ ಸಂಭವ ಹೆಚ್ಚು. ಎರಡನೆಯದಾದರೆ ಇಡೀ ದೇಹದ ರೋಗವೊಂದು ಕೈಯಲ್ಲಿ ಕಾಣಿಸಿಕೊಂಡಿರಬಹುದು.

ಈ ಮೂರು ಪ್ರಶ್ನೆಗಳಿಗೆ ಉತ್ತರ ಬರೆದುಕೊಂಡು ಹೋದ ರೋಗಿ, ಎಕ್ಸ್‌ರೇ ಹಾಳೆಗಳ ಕಟ್ಟನ್ನಷ್ಟೇ ಹಿಡಿದು ಹೋದ ರೋಗಿಗಿಂತ ವೈದ್ಯರಿಗೆ ಹೆಚ್ಚಿನ ಮಾಹಿತಿ ಒದಗಿಸುತ್ತಾನೆ.

ಹೆಪ್ಪುಗಟ್ಟಿದ ಭುಜ

ಜವಳಿ ವರ್ತಕರಿಗೆ ಬಂದಿದ್ದ ತೊಂದರೆಯನ್ನು ‘ಫ್ರೋಜನ್ ಶೋಲ್ಡರ್’, ಅರ್ಥಾತ್ ಹೆಪ್ಪುಗಟ್ಟಿದ ಭುಜ ಎನ್ನುತ್ತಾರೆ. ಅಮೆರಿಕದ ಬಾಸ್ಟನ್ ನಗರದ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್ಮನ್ 1934ರಲ್ಲಿ ಈ ಹೆಸರನ್ನು ಬಳಕೆಗೆ ತಂದರು. ಭುಜದ ಕೀಲನ್ನು ಸುತ್ತುವರಿದ ಚೀಲ ಉರಿಯೂತಕ್ಕೆ ಒಳಗಾಗಿ, ದಪ್ಪಗಾಗಿ, ಕ್ರಮೇಣ ಕುಗ್ಗುವುದೇ ಈ ರೋಗದ ಸ್ವರೂಪ. ನಲವತ್ತರಿಂದ ಅರವತ್ತು ವರ್ಷದವರಲ್ಲಿ, ಅದರಲ್ಲೂ ಮಹಿಳೆಯರಲ್ಲಿ ಹೆಚ್ಚು. ಮೊದಲು ಕುಂದುವುದು ಕೈಯನ್ನು ಹೊರಮುಖವಾಗಿ ತಿರುಗಿಸುವ ಚಲನೆ. ಎಕ್ಸ್‌ರೇಯಲ್ಲಿ ಏನೂ ಕಾಣುವುದಿಲ್ಲವಾದ್ದರಿಂದ ಹಲವರು ‘ಏನೂ ಇಲ್ಲ’ ಎಂಬ ಸಮಾಧಾನದಿಂದ ಮನೆಗೆ ಮರಳುತ್ತಾರೆ.

ರೋಗ ಮೂರು ಹಂತಗಳಲ್ಲಿ ಸಾಗುತ್ತದೆ. ಮೊದಲ ಹಂತದಲ್ಲಿ ನೋವು ಪ್ರಧಾನ. ಇದು ಎರಡರಿಂದ ಒಂಬತ್ತು ತಿಂಗಳು. ಎರಡನೆಯ ಹಂತದಲ್ಲಿ ನೋವು ತಗ್ಗಿ ಬಿಗಿತ ಉಳಿಯುತ್ತದೆ. ಇದು ನಾಲ್ಕರಿಂದ ಹನ್ನೆರಡು ತಿಂಗಳು. ಮೂರನೆಯದು ನಿಧಾನವಾಗಿ ಸಡಿಲಗೊಳ್ಳುವ ಹಂತ. ಇದಕ್ಕೆ ಎರಡು ವರ್ಷದವರೆಗೂ ಹಿಡಿಯಬಹುದು. ‘ತಾನಾಗಿ ಬಂದದ್ದು ತಾನಾಗಿ ಹೋಗುತ್ತದೆ’ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಬಹುಪಾಲು ಜನರ ಭುಜ ಸುಧಾರಿಸುತ್ತದೆ. ಆದರೆ ಕೆಲವರಲ್ಲಿ ಚಲನೆ ಪೂರ್ತಿಯಾಗಿ ಮರಳುವುದಿಲ್ಲ. ಒಂದೆರಡು ವರ್ಷ ಒಂದೇ ಕೈಯಲ್ಲಿ ವ್ಯವಹಾರ ನಡೆಸುವ ಬೆಲೆಯನ್ನು ಈ ಮಾತು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ.

ಸಕ್ಕರೆಯ ನಂಟು

ಜನಸಾಮಾನ್ಯರಲ್ಲಿ ನೂರಕ್ಕೆ ಎರಡರಿಂದ ಐದು ಮಂದಿಗೆ ಜೀವಮಾನದಲ್ಲಿ ಹೆಪ್ಪುಗಟ್ಟಿದ ಭುಜ ಬರಬಹುದೆಂಬ ಅಂದಾಜಿದೆ. ಮಧುಮೇಹಿಗಳಲ್ಲಿ ಈ ಪ್ರಮಾಣ ಶೇ. 10ರಿಂದ 20. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳೂ, ಮಧುಮೇಹದ ಹೊಸ್ತಿಲಲ್ಲಿರುವ 13.6 ಕೋಟಿ ಜನರೂ ಇದ್ದಾರೆ. ಈ ಎರಡು ಅಂಕಿಗಳನ್ನು ಜೊತೆಗಿಟ್ಟು ನೋಡಿದರೆ, ಭುಜ ಬಿಗಿದ ಮಧ್ಯವಯಸ್ಕರ ರಕ್ತಪರೀಕ್ಷೆ ಏಕೆ ಅನಿವಾರ್ಯವೆಂಬುದು ಸ್ಪಷ್ಟವಾಗುತ್ತದೆ. ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆ ಇದಕ್ಕೆ ಸೂಕ್ತ. ಥೈರಾಯ್ಡ್ ದೋಷವಿರುವವರಲ್ಲೂ ಈ ತೊಂದರೆ ಹೆಚ್ಚಾದ್ದರಿಂದ ಅದನ್ನೂ ಪರೀಕ್ಷಿಸುವುದು ವಾಡಿಕೆ.

ದೀರ್ಘಕಾಲದ ಮಧುಮೇಹ ಬೆರಳುಗಳನ್ನೂ ಬಿಡುವುದಿಲ್ಲ. ಅಂಗೈಯ ಚರ್ಮ ಮತ್ತು ರಜ್ಜುಗಳು ದಪ್ಪಗಾಗಿ ಬೆರಳುಗಳು ನೇರವಾಗಲಾರವು. ಇದನ್ನು ಕಂಡುಕೊಳ್ಳಲು ಯಾವ ಯಂತ್ರವೂ ಬೇಡ. ಕೈಜೋಡಿಸಿ ನಮಸ್ಕರಿಸಿದರೆ ಸಾಕು. ಎರಡೂ ಅಂಗೈಗಳು, ಬೆರಳುಗಳು ಸಂದಿಲ್ಲದಂತೆ ಕೂಡಬೇಕು. ನಡುವೆ ಕಿಂಡಿ ಉಳಿದರೆ ಸಕ್ಕರೆಯ ಪರೀಕ್ಷೆ ಅಗತ್ಯವೆಂದು ತಿಳಿಯಬೇಕು. ದಿನಕ್ಕೆ ಹತ್ತಾರು ಗ್ರಾಹಕರಿಗೆ ನಮಸ್ಕರಿಸುವ ವರ್ತಕರಿಗೆ ಇದಕ್ಕಿಂತ ಸುಲಭವಾದ, ಖರ್ಚಿಲ್ಲದ ಪರೀಕ್ಷೆ ಬೇರೊಂದಿಲ್ಲ. ಮಡಿಸಿದ ಬೆರಳು ಅಲ್ಲೇ ಸಿಕ್ಕಿಕೊಂಡು ‘ಟಕ್’ ಎಂದು ಬಿಚ್ಚಿಕೊಳ್ಳುವ ‘ಟ್ರಿಗರ್ ಫಿಂಗರ್’ ತೊಂದರೆಯೂ ಮಧುಮೇಹಿಗಳಲ್ಲಿ ಹೆಚ್ಚು.

ಬೆಳಗಿನ ಬಿಗಿತ: ಸೋಮಾರಿತನವಲ್ಲ

ಸಿದ್ಧ ಉಡುಪು ಘಟಕದಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತು ದುಡಿಯುವ ಮೂವತ್ತೆಂಟು ವರ್ಷದ ಮಹಿಳೆಯೊಬ್ಬರನ್ನು ಕಲ್ಪಿಸಿಕೊಳ್ಳಬಹುದು. ನಸುಕಿನಲ್ಲಿ ಏಳುವಾಗ ಎರಡೂ ಕೈಗಳ ಬೆರಳುಗಳು, ಮಣಿಕಟ್ಟುಗಳು ಮರಗಟ್ಟಿದಂತೆ ಇರುತ್ತವೆ. ರೊಟ್ಟಿಯ ಹಿಟ್ಟು ನಾದಲಾಗದು, ಸೀರೆಯ ನೆರಿಗೆ ಹಿಡಿಯಲಾಗದು, ಮಗುವಿನ ಜಡೆ ಹೆಣೆಯಲಾಗದು. ಎಲ್ಲ ಮುಗಿಸಿ ಹೊರಡುವಷ್ಟರಲ್ಲಿ ಬಸ್ಸು ಹೋಗಿರುತ್ತದೆ. ಹಾಜರಿಯಲ್ಲಿ ತಿಂಗಳಿಗೆ ಹತ್ತು ದಿನ ‘ತಡ’ ಎಂಬ ಗುರುತು. ಮಧ್ಯಾಹ್ನದ ವೇಳೆಗೆ ಅದೇ ಕೈಗಳು ಸಡಿಲಗೊಂಡು ಇತರರಷ್ಟೇ ಚುರುಕಾಗಿ ಕೆಲಸ ಮಾಡುತ್ತವೆ. ಇದನ್ನು ನೋಡಿದ ಮೇಲ್ವಿಚಾರಕರು, ಬೆಳಗಿನ ತೊಂದರೆ ಬರೀ ನೆಪವೆಂದು ತೀರ್ಮಾನಿಸುತ್ತಾರೆ.

ಇದು ರುಮಟಾಯ್ಡ್ ಸಂಧಿವಾತದ ಪಠ್ಯಪುಸ್ತಕದಂತಹ ಚಿತ್ರ. ದೇಹದ ರಕ್ಷಣಾ ವ್ಯವಸ್ಥೆಯೇ ತನ್ನ ಕೀಲುಗಳ ಒಳಪದರದ ಮೇಲೆ ದಾಳಿ ನಡೆಸುವ ರೋಗವಿದು. ಪುರುಷರಿಗಿಂತ ಮಹಿಳೆಯರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಈ ರೋಗದಲ್ಲಿ ಕಾಲವೇ ಬಂಡವಾಳ. ಲಕ್ಷಣ ಕಾಣಿಸಿಕೊಂಡ ಮೊದಲ ಕೆಲವು ತಿಂಗಳಲ್ಲಿ ರೋಗದ ಮೂಲವನ್ನು ಹತೋಟಿಗೆ ತರುವ ಔಷಧ ಆರಂಭವಾದರೆ ಕೀಲು ಉಳಿಯುತ್ತದೆ. ತಡವಾದರೆ ಮೂಳೆ ಸವೆದು ಬೆರಳುಗಳು ಸೊಟ್ಟಗಾಗುತ್ತವೆ. ಒಮ್ಮೆ ಆದ ವಿಕಾರವನ್ನು ಯಾವ ಮಾತ್ರೆಯೂ ಹಿಂದಿರುಗಿಸದು. ಇದಕ್ಕೆ ಸಾಮಾನ್ಯವಾಗಿ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ವಾರಕ್ಕೆ ಒಂದೇ ದಿನ ಸೇವಿಸಬೇಕು. ತಪ್ಪಿ ಪ್ರತಿದಿನ ಸೇವಿಸಿದರೆ ಪ್ರಾಣಾಪಾಯವೂ ಉಂಟು. ಆದ್ದರಿಂದ ಚೀಟಿಯನ್ನು ಮನೆಯವರು ಕೂಡ ಓದಿ ತಿಳಿದಿರುವುದು ಲೇಸು.

ಆ ಮಹಿಳೆಯ ಹಾಜರಿ ಪುಸ್ತಕದಲ್ಲಿ ಬಿದ್ದ ಗುರುತುಗಳು ಒಂದರ್ಥದಲ್ಲಿ ರೋಗದ ದಾಖಲೆಯೇ ಆಗಿದ್ದವು. ಅದನ್ನು ಓದಬಲ್ಲ ಮೇಲ್ವಿಚಾರಕರಿದ್ದಿದ್ದರೆ ಎಚ್ಚರಿಕೆಯ ಪತ್ರದ ಬದಲು ವೈದ್ಯರಿಗೆ ಒಂದು ಚೀಟಿ ಹೋಗುತ್ತಿತ್ತು.

ಪೆಟ್ಟಿನ ನಂತರದ ಮೊಣಕೈ

ತೋಳಿನ ಕೀಲುಗಳಲ್ಲಿ ಪೆಟ್ಟಿನ ನಂತರ ಅತಿ ಬೇಗ ಬಿಗಿಯುವುದು ಮೊಣಕೈ. ನೇರ ಚಾಚಿದ ಕೈಯನ್ನು ಸೊನ್ನೆ ಡಿಗ್ರಿ ಎಂದು ಹಿಡಿದರೆ, ದಿನನಿತ್ಯದ ಬಹುತೇಕ ಕೆಲಸಗಳಿಗೆ 30ರಿಂದ 130 ಡಿಗ್ರಿವರೆಗಿನ ಚಲನೆ ಬೇಕೆಂದು ಅಮೆರಿಕದ ಮೂಳೆ ತಜ್ಞ ಮೊರೆ ಮತ್ತು ಸಂಗಡಿಗರು 1981ರಲ್ಲಿ ಅಳೆದು ತೋರಿಸಿದರು. ಇಷ್ಟು ಉಳಿದರೆ ತುತ್ತು ಬಾಯಿಗೆ ಬರುತ್ತದೆ, ದೂರವಾಣಿ ಕಿವಿಗೆ ಮುಟ್ಟುತ್ತದೆ, ಕೂದಲು ಬಾಚಬಹುದು. ಇದಕ್ಕಿಂತ ಕಡಿಮೆಯಾದರೆ ಪ್ರತಿಯೊಂದಕ್ಕೂ ಪರರ ಕೈ ಬೇಕು.

ಮುರಿದ ಮೂಳೆಗೆ ಕಟ್ಟು ಹಾಕಿದ ಮೇಲೆ ವೈದ್ಯರು ಹೇಳಿದ ದಿನಕ್ಕಿಂತ ಹೆಚ್ಚು ಕಾಲ ಕೈಯನ್ನು ಅಲುಗಿಸದಿರುವುದು ಒಂದು ತಪ್ಪು. ಕಟ್ಟು ಬಿಚ್ಚಿದ ಕೂಡಲೇ ಬಲವಂತವಾಗಿ ಎಳೆಸಿ, ನೀವಿಸಿಕೊಳ್ಳುವುದು ಅದಕ್ಕಿಂತ ದೊಡ್ಡ ತಪ್ಪು. ಪೆಟ್ಟುಬಿದ್ದ ಮೊಣಕೈಯನ್ನು ಒತ್ತಿ ತಿಕ್ಕಿದರೆ ಸ್ನಾಯುವಿನೊಳಗೆ ಮೂಳೆ ಬೆಳೆದು ಕೀಲು ಶಾಶ್ವತವಾಗಿ ಬಂಧಿಯಾಗುವ ಅಪಾಯವಿದೆ. ಬಿಗಿಯಾದ ಬಿದಿರು ದಬ್ಬೆಯ ಕಟ್ಟು ರಕ್ತಸಂಚಾರವನ್ನು ತಡೆದರೆ ಕೆಲವೇ ಗಂಟೆಗಳಲ್ಲಿ ಮುಂಗೈಯ ಸ್ನಾಯು ಸತ್ತು, ಬೆರಳುಗಳು ಉಗುರಿನಂತೆ ಬಾಗಿ ಉಳಿಯುತ್ತವೆ. ಜರ್ಮನಿಯ ಫೋಕ್‌ಮನ್ 1881ರಲ್ಲೇ ಈ ಅವಘಡವನ್ನು ವಿವರಿಸಿದ್ದರು. ಕಟ್ಟು ಹಾಕಿದ ಕೈಯ ಬೆರಳು ಊದಿ, ಮರಗಟ್ಟಿ, ಬೆರಳನ್ನು ನೇರ ಮಾಡಿದಾಗ ಸಹಿಸಲಾಗದ ನೋವಾದರೆ ಬೆಳಗಾಗುವುದನ್ನು ಕಾಯದೆ ಆಸ್ಪತ್ರೆಗೆ ಧಾವಿಸಬೇಕು.

ಪೆಟ್ಟಿಲ್ಲದೆಯೇ ಮೊಣಕೈಯ ಹೊರಬದಿಯಲ್ಲಿ ಬರುವ ನೋವನ್ನು ‘ಟೆನ್ನಿಸ್ ಎಲ್ಬೋ’ ಎನ್ನುತ್ತಾರೆ. ಟೆನ್ನಿಸ್ ಆಡದ ಬಡಗಿಗಳು, ಅಡುಗೆಯವರು, ತೂಕದ ಚೀಲ ಎತ್ತುವ ಹಮಾಲರು ಇದರಿಂದ ಹೆಚ್ಚು ಬಳಲುತ್ತಾರೆ. ಇದಕ್ಕೆ ಸ್ಟೀರಾಯ್ಡ್ ಚುಚ್ಚುಮದ್ದು ಕೆಲವು ವಾರ ನೆಮ್ಮದಿ ನೀಡಿದರೂ, ವರ್ಷದ ಕೊನೆಗೆ ಚುಚ್ಚುಮದ್ದು ಪಡೆಯದವರ ಸ್ಥಿತಿಯೇ ಉತ್ತಮವಾಗಿರುತ್ತದೆಂದು ಅಧ್ಯಯನಗಳು ತೋರಿಸಿವೆ.

ಸೊಳ್ಳೆ ಮತ್ತು ನೀರು

ಕರ್ನಾಟಕದ ಮಟ್ಟಿಗೆ ಇನ್ನೆರಡು ಕಾರಣಗಳನ್ನು ಮರೆಯುವಂತಿಲ್ಲ. ಮೊದಲನೆಯದು ಚಿಕೂನ್‌ಗುನ್ಯ. ಪೂರ್ವ ಆಫ್ರಿಕಾದ ಮಕೊಂಡೆ ಭಾಷೆಯ ಈ ಪದಕ್ಕೆ ಬಾಗಿಸುವಂಥದ್ದು ಎಂಬ ಅರ್ಥವಿದೆ. 2006ರಲ್ಲಿ ದೇಶದಲ್ಲಿ ವರದಿಯಾದ ಸುಮಾರು 13.9 ಲಕ್ಷ ಶಂಕಿತ ಪ್ರಕರಣಗಳಲ್ಲಿ ಅರ್ಧಕ್ಕೂ ಹೆಚ್ಚು ಈ ರಾಜ್ಯದವೇ ಆಗಿದ್ದವು. ಜ್ವರ ವಾರದಲ್ಲಿ ಇಳಿದರೂ ಮಣಿಕಟ್ಟು, ಬೆರಳುಗಳ ಬಿಗಿತ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಮೂರು ತಿಂಗಳು ಮೀರಿದರೆ ಸಂಧಿವಾತ ತಜ್ಞರನ್ನು ಕಾಣುವುದು ಅಗತ್ಯ.

ಎರಡನೆಯದು ಫ್ಲೋರೈಡ್. ಕೋಲಾರ, ಪಾವಗಡ, ಗದಗ ಮುಂತಾದ ಕಡೆಗಳ ಆಳವಾದ ಕೊಳವೆಬಾವಿಗಳ ನೀರಿನಲ್ಲಿ ಇದರ ಅಂಶ ಅಧಿಕವಾಗಿರುವುದುಂಟು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಎಂಬುದು ಭಾರತೀಯ ಮಾನಕ. ವರ್ಷಾನುಗಟ್ಟಲೆ ಇದಕ್ಕಿಂತ ಬಹಳ ಹೆಚ್ಚಿನ ಫ್ಲೋರೈಡ್ ಸೇವಿಸಿದವರ ಬೆನ್ನುಮೂಳೆ, ಮೊಣಕೈ, ಮೊಣಕಾಲುಗಳು ಬಿಗಿಯುತ್ತವೆ. ಹಲ್ಲಿನ ಮೇಲಿನ ಕಂದು ಕಲೆ ಇದರ ಹಳೆಯ ಸುಳಿವು. ಈ ಭಾಗಗಳಲ್ಲಿ ಗಿರಣಿ, ಕಾರ್ಖಾನೆ ನಡೆಸುವವರು ಕಾರ್ಮಿಕರಿಗೆ ಕೊಡುವ ನೀರನ್ನು ಪರೀಕ್ಷಿಸಿ, ಶುದ್ಧೀಕರಿಸಿ ಒದಗಿಸುವುದು ಸ್ವಲ್ಪ ಖರ್ಚಿನ ದೊಡ್ಡ ಉಪಕಾರ.

ಗುಮಾಸ್ತರ ಕೈ: ಮುನ್ನೂರು ವರ್ಷಗಳ ಹಳೆಯ ಮಾತು

ವೃತ್ತಿಗೂ ಕೀಲಿಗೂ ಇರುವ ಸಂಬಂಧ ಗಣಕಯಂತ್ರದ ಕಾಲದ ಶೋಧನೆಯಲ್ಲ. ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಾತ್ಸಿನಿ ವೃತ್ತಿಜನ್ಯ ರೋಗಗಳ ಕುರಿತು 1700ರಲ್ಲಿ ಹೊರತಂದ ಗ್ರಂಥದ 1713ರ ವಿಸ್ತೃತ ಆವೃತ್ತಿಯಲ್ಲಿ ಬರಹಗಾರ ಗುಮಾಸ್ತರ ಬಗ್ಗೆಯೂ ಬರೆದರು. ಅವರ ಬೇನೆಗೆ ಆತ ಗುರುತಿಸಿದ ಕಾರಣಗಳು ಮೂರು: ಸದಾ ಕುಳಿತೇ ಇರುವುದು, ಕೈಯನ್ನು ಒಂದೇ ರೀತಿಯಲ್ಲಿ ಬಿಡುವಿಲ್ಲದೆ ಆಡಿಸುವುದು ಮತ್ತು ಲೆಕ್ಕದಲ್ಲಿ ತಪ್ಪಾಗಿ ಒಡೆಯನಿಗೆ ನಷ್ಟವಾದೀತೆಂಬ ಮನಸ್ಸಿನ ಒತ್ತಡ. ಬಲಗೈ ಸೋತು ಎಡಗೈಯಲ್ಲಿ ಬರೆಯಲು ಕಲಿತ ಬರಹಗಾರನೊಬ್ಬನಿಗೆ ಕೆಲಕಾಲದಲ್ಲೇ ಎಡಗೈಗೂ ಅದೇ ಬಾಧೆ ತಗುಲಿದ ಸಂಗತಿಯನ್ನು ಆತ ದಾಖಲಿಸಿದ್ದಾರೆ. ಕೈ ಬದಲಾಯಿಸಿದರೆ ಸಾಲದು, ಕೆಲಸದ ಕ್ರಮ ಬದಲಾಗಬೇಕು ಎಂಬ ಪಾಠ ಅಲ್ಲಿದೆ. ಲೇಖನಿಯ ಜಾಗದಲ್ಲಿ ಇಂದು ಕೀಲಿಮಣೆ ಮತ್ತು ಮೌಸ್ ಬಂದಿವೆ; ಉಳಿದ ಮೂರೂ ಹಾಗೆಯೇ ಇವೆ.

ಚಿಕಿತ್ಸೆಯ ಮೆಟ್ಟಿಲುಗಳು

ಸವೆತ, ಉರಿಯೂತ, ಸೋಂಕು, ಪೆಟ್ಟು – ಪ್ರತಿಯೊಂದಕ್ಕೂ ಚಿಕಿತ್ಸೆ ಬೇರೆ. ಅತಿ ಸಾಮಾನ್ಯವಾದ ಹೆಪ್ಪುಗಟ್ಟಿದ ಭುಜಕ್ಕೆ ಕ್ರಮ ಹೀಗಿರುತ್ತದೆ.

ಮೊದಲ ಮೆಟ್ಟಿಲು ನೋವು ನಿವಾರಣೆ ಮತ್ತು ಮೃದುವಾದ ವ್ಯಾಯಾಮ. ಮುಂದಕ್ಕೆ ಬಾಗಿ, ಕೈಯನ್ನು ಗಡಿಯಾರದ ಲೋಲಕದಂತೆ ತೂಗಾಡಿಸುವುದು. ಗೋಡೆಯ ಮೇಲೆ ಬೆರಳುಗಳನ್ನು ಮೆಲ್ಲನೆ ಏರಿಸುವುದು. ಬೆನ್ನ ಹಿಂದೆ ಟವೆಲಿನ ಒಂದು ತುದಿಯನ್ನು ಸರಿಯಿರುವ ಕೈಯಿಂದ ಹಿಡಿದು ಇನ್ನೊಂದು ಕೈಯನ್ನು ಮೇಲಕ್ಕೆ ಸೆಳೆಯುವುದು. ಬಿಸಿನೀರಿನ ಶಾಖದ ನಂತರ ಇವುಗಳನ್ನು ಮಾಡುವುದು ಹಿತಕರ. ಸಹಿಸಬಹುದಾದ ಎಳೆತವಿರಲಿ, ತೀವ್ರ ನೋವಿನ ಹಂತದಲ್ಲಿ ಹಟಕ್ಕೆ ಬಿದ್ದು ಎಳೆದರೆ ಗುಣಕ್ಕಿಂತ ದೋಷವೇ ಹೆಚ್ಚು. ವಾರಕ್ಕೊಮ್ಮೆ ಒಂದು ಗಂಟೆಗಿಂತ ದಿನಕ್ಕೆ ನಾಲ್ಕು ಬಾರಿ ಐದು ನಿಮಿಷ ಮೇಲು.

ಎರಡನೆಯದು ಕೀಲಿನೊಳಗೆ ಸ್ಟೀರಾಯ್ಡ್ ಚುಚ್ಚುಮದ್ದು. ಆರಂಭದ ತಿಂಗಳುಗಳಲ್ಲಿ ಇದರ ಪ್ರಯೋಜನ ಹೆಚ್ಚು. ಮಧುಮೇಹಿಗಳಲ್ಲಿ ಕೆಲವು ದಿನ ಸಕ್ಕರೆ ಏರುವುದರಿಂದ ವೈದ್ಯರಿಗೆ ಮೊದಲೇ ತಿಳಿಸಿ, ರಕ್ತಪರೀಕ್ಷೆ ಮಾಡಿಸುತ್ತಿರಬೇಕು. ಮೂರನೆಯದು ಅರಿವಳಿಕೆ ನೀಡಿ ಭುಜವನ್ನು ಸಡಿಲಿಸುವುದು ಅಥವಾ ದೂರ್ಬೀನಿನ ಶಸ್ತ್ರಕ್ರಿಯೆಯಿಂದ ಬಿಗಿದ ಚೀಲವನ್ನು ಬಿಡಿಸುವುದು.

ಇವುಗಳಲ್ಲಿ ಯಾವುದು ಮೇಲೆಂಬ ಪ್ರಶ್ನೆಗೆ ಬ್ರಿಟನ್ನಿನ 35 ಆಸ್ಪತ್ರೆಗಳಲ್ಲಿ 503 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಉತ್ತರ ನೀಡಿದೆ. ಚುಚ್ಚುಮದ್ದಿನೊಡನೆ ಕ್ರಮಬದ್ಧ ಫಿಸಿಯೋಥೆರಪಿ, ಅರಿವಳಿಕೆಯಲ್ಲಿ ಸಡಿಲಿಕೆ, ಶಸ್ತ್ರಕ್ರಿಯೆ – ಮೂರೂ ಗುಂಪುಗಳವರು ವರ್ಷದ ಕೊನೆಗೆ ಗಣನೀಯವಾಗಿ ಸುಧಾರಿಸಿದ್ದರು. ಒಂದು ಇನ್ನೊಂದಕ್ಕಿಂತ ಎದ್ದುಕಾಣುವಷ್ಟು ಮೇಲಾಗಿರಲಿಲ್ಲ. ಫಿಸಿಯೋಥೆರಪಿ ಗುಂಪಿನ ಕೆಲವರಿಗೆ ಮುಂದೆ ಬೇರೆ ಚಿಕಿತ್ಸೆ ಬೇಕಾಯಿತು. ಶಸ್ತ್ರಕ್ರಿಯೆಯಲ್ಲಿ ಅಪಾಯ ಹೆಚ್ಚಿತ್ತು. ಅಲ್ಲಿನ ವೆಚ್ಚದ ಲೆಕ್ಕದಲ್ಲಿ ಅರಿವಳಿಕೆಯ ಸಡಿಲಿಕೆ ಲಾಭದಾಯಕವೆನಿಸಿತು. ದುಬಾರಿ ಚಿಕಿತ್ಸೆಯೇ ಶ್ರೇಷ್ಠ ಚಿಕಿತ್ಸೆ ಎಂಬ ಭಾವನೆ ಸಲ್ಲದೆಂಬುದು ಇದರ ಸಾರ.

ಅಂಗಡಿಯಲ್ಲಿ ಕೇಳಿ ಪಡೆದ ನೋವಿನ ಮಾತ್ರೆಗಳನ್ನು ವಾರಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ರಕ್ತದೊತ್ತಡದ ಏರಿಕೆ, ಮೂತ್ರಪಿಂಡಕ್ಕೆ ಹಾನಿ ಸಂಭವ. ಹೆಸರು, ಘಟಕಾಂಶಗಳ ವಿವರವಿಲ್ಲದ ಪುಡಿ-ಗುಳಿಗೆಗಳಲ್ಲಿ ಸ್ಟೀರಾಯ್ಡ್ ಬೆರೆತಿರುವ ಅಪಾಯವಿದೆ. ಬಿಲ್ಲಿಲ್ಲದ ಸರಕನ್ನು ಗೋದಾಮಿಗೆ ಸೇರಿಸದ ವರ್ತಕರು ಅಂತಹ ಔಷಧವನ್ನು ಹೊಟ್ಟೆಗೆ ಸೇರಿಸುವುದು ವಿಚಿತ್ರವೇ ಸರಿ.

ವೆಚ್ಚ, ವಿಮೆ ಮತ್ತು ತೆರಿಗೆ

ಸಾಮಾನ್ಯ ವೈದ್ಯವಿಮಾ ಪಾಲಿಸಿಗಳು ಆಸ್ಪತ್ರೆಗೆ ದಾಖಲಾಗಿ ಪಡೆಯುವ ಚಿಕಿತ್ಸೆಗೆ ಹಣ ನೀಡುತ್ತವೆ. ಹೊರರೋಗಿಯಾಗಿ ಪಡೆಯುವ ಫಿಸಿಯೋಥೆರಪಿಗೆ ನೀಡದಿರುವುದೇ ಹೆಚ್ಚು. ಹೀಗಾಗಿ ಕೆಲವು ಸಾವಿರಗಳಲ್ಲಿ ಮುಗಿಯಬಹುದಾಗಿದ್ದ ವ್ಯಾಯಾಮ ಚಿಕಿತ್ಸೆಯನ್ನು ‘ಕೈಯಿಂದ ಖರ್ಚು’ ಎಂದು ಬಿಟ್ಟು, ವಿಮೆ ದೊರೆಯುವ ಶಸ್ತ್ರಕ್ರಿಯೆಯವರೆಗೆ ಕಾಯುವವರಿದ್ದಾರೆ. ಕಾಯುವ ಅವಧಿಯಲ್ಲಿ ಕಳೆದುಹೋಗುವ ದುಡಿಮೆ ಯಾವ ವಿಮೆಯ ಲೆಕ್ಕಕ್ಕೂ ಬಾರದು. ಪಾಲಿಸಿ ನವೀಕರಿಸುವಾಗ ಹೊರರೋಗಿ ಸೌಲಭ್ಯದ ಷರತ್ತನ್ನು ಓದಿ ನೋಡುವುದು ಒಳಿತು. ವೈಯಕ್ತಿಕ ಆರೋಗ್ಯ ವಿಮೆಯ ಪ್ರೀಮಿಯಂ ಮೇಲಿದ್ದ ಶೇ. 18ರ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ರದ್ದಾಗಿರುವುದರಿಂದ ಆ ಉಳಿತಾಯವನ್ನು ಇದಕ್ಕೆ ವಿನಿಯೋಗಿಸಬಹುದು. ಹಳೆಯ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರಿಗೆ ವೈದ್ಯವಿಮೆಯ ಕಡಿತದ ಮಿತಿಯೊಳಗೆ ಮುಂಜಾಗ್ರತಾ ತಪಾಸಣೆಗೆ 5,000 ರೂ.ವರೆಗೆ ಅವಕಾಶವಿದೆ. ಸಕ್ಕರೆ, ಥೈರಾಯ್ಡ್ ಪರೀಕ್ಷೆಗಳಿಗೆ ಇಷ್ಟು ಸಾಕಷ್ಟಾಯಿತು.

ನೌಕರರ ವಿಷಯದಲ್ಲಿ ರಾಜ್ಯ ವಿಮಾ ಯೋಜನೆಯ ನೆರವಿದೆ. 2019ರ ಜುಲೈನಲ್ಲಿ ಮಾಲೀಕರ ವಂತಿಗೆಯನ್ನು ಶೇ. 3.25ಕ್ಕೂ, ನೌಕರರ ವಂತಿಗೆಯನ್ನು ಶೇ. 0.75ಕ್ಕೂ ಇಳಿಸಲಾಯಿತು. ನಿಗದಿತ ದಿನಗಳ ವಂತಿಗೆ ಪೂರೈಸಿದ ನೌಕರರಿಗೆ ಚಿಕಿತ್ಸೆಯ ಜೊತೆಗೆ, ವೈದ್ಯರು ವಿಶ್ರಾಂತಿ ವಿಧಿಸಿದಾಗ ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇ. 70ರಷ್ಟು ದೊರೆಯುತ್ತದೆ. ತಿಂಗಳು ತಿಂಗಳು ವಂತಿಗೆ ಕಟ್ಟುವ ಎಷ್ಟೋ ಸಂಸ್ಥೆಗಳಲ್ಲಿ ಈ ಹಕ್ಕಿನ ಮಾಹಿತಿ ನೌಕರರಿಗೆ ತಲುಪಿರುವುದೇ ಇಲ್ಲ.

ಮಾಲೀಕರು ಕೈಗೊಳ್ಳಬಹುದಾದ ಕ್ರಮಗಳು

1. ಭಾರದ ಥಾನು, ಚೀಲ, ಡಬ್ಬಿಗಳನ್ನು ಸೊಂಟದಿಂದ ಎದೆಯೆತ್ತರದ ಹಲಗೆಗಳಲ್ಲಿ ಇಡುವುದು. ಮೇಲಿನ ಹಲಗೆಗೆ ಹಗುರವಾದ ಸರಕು ಮತ್ತು ಭದ್ರವಾದ ಮೆಟ್ಟಿಲುಮಣೆ.
2. ಹೊಲಿಗೆ, ಪ್ಯಾಕಿಂಗ್, ಗಣಕಯಂತ್ರದ ಕೆಲಸಗಳಲ್ಲಿ ಗಂಟೆಗೊಮ್ಮೆ ಎರಡು ಮೂರು ನಿಮಿಷ ಕೈ ಚಾಚುವ ಬಿಡುವು. ಸಾಧ್ಯವಾದೆಡೆ ಕೆಲಸದ ಅದಲುಬದಲು.
3. ಕುರ್ಚಿ-ಮೇಜಿನ ಎತ್ತರ, ಮೊಣಕೈ ಲಂಬಕೋನದಲ್ಲಿ ಆಸರೆ ಪಡೆಯುವಂತಿರುವುದು.
4. ಚಿಕಿತ್ಸೆ ಪಡೆಯುತ್ತಿರುವವರಿಗೆ ಫಿಸಿಯೋಥೆರಪಿಗೆಂದು ಒಂದು ಗಂಟೆಯ ರಿಯಾಯಿತಿ. ನುರಿತ ಕೈಯೊಂದನ್ನು ಕಳೆದುಕೊಂಡು ಹೊಸಬರಿಗೆ ಕೆಲಸ ಕಲಿಸುವ ವೆಚ್ಚದ ಮುಂದೆ ಇದು ಅತ್ಯಲ್ಪ.

ತಡಮಾಡಬಾರದ ಸಂದರ್ಭಗಳು

ಕೀಲು ಕೆಂಪಾಗಿ, ಬಿಸಿಯಾಗಿ ಊದಿಕೊಂಡು ಜ್ವರ ಬಂದರೆ ಸೋಂಕು ಇರಬಹುದು. ಅದೇ ದಿನ ಚಿಕಿತ್ಸೆ ಅಗತ್ಯ. ಎಡಭುಜದ ಬಿಗಿತದೊಡನೆ ಬೆವರು, ಉಸಿರಾಟದ ತೊಂದರೆ, ಎದೆಯ ಭಾರವಿದ್ದರೆ ಅದು ಹೃದಯದ ಕರೆ. ಒಂದು ಕೈ ಇದ್ದಕ್ಕಿದ್ದಂತೆ ಸೋತು ಮಾತು ತೊದಲಿದರೆ ಪಾರ್ಶ್ವವಾಯು. ರಾತ್ರಿ ಏರುವ ನೋವು, ತೂಕ ಇಳಿಕೆ, ಬಹುಕಾಲದ ಊತವಿದ್ದರೆ ಕ್ಷಯ, ಗಡ್ಡೆಗಳ ಸಾಧ್ಯತೆಯನ್ನು ನಿವಾರಿಸಿಕೊಳ್ಳಬೇಕು. ಇವುಗಳಲ್ಲಿ ಯಾವುದಕ್ಕೂ ಎಣ್ಣೆಯ ನೀವುವಿಕೆ ಉತ್ತರವಲ್ಲ.

ಆರಂಭದಲ್ಲಿ ಹೇಳಿದ ಜವಳಿ ವರ್ತಕರು ಚುಚ್ಚುಮದ್ದು, ದಿನಚರಿಯ ವ್ಯಾಯಾಮ, ಮಧುಮೇಹದ ಔಷಧ ಮೂರನ್ನೂ ಒಟ್ಟಿಗೆ ಆರಂಭಿಸಿದರು. ಮುಂದಿನ ದೀಪಾವಳಿಯ ಹೊತ್ತಿಗೆ ಅಂಗಿಯನ್ನು ತಾವೇ ತೊಡುತ್ತಿದ್ದರು. ಎಡಗೈ ಬಲಗೈಯಷ್ಟು ಬೆನ್ನ ಹಿಂದೆ ಹೋಗುವುದಿಲ್ಲ. ಕಳೆದುಕೊಂಡ ಆರು ತಿಂಗಳ ಬಾಬ್ತು ಅದು. ಆದರೆ ಭುಜ ನೋಯದಿದ್ದರೆ ಸಕ್ಕರೆ ಇನ್ನೆಷ್ಟು ವರ್ಷ ಸದ್ದಿಲ್ಲದೆ ಕಣ್ಣು, ಮೂತ್ರಪಿಂಡಗಳನ್ನು ಸವೆಸುತ್ತಿತ್ತೋ ತಿಳಿಯದು. ಅವರ ಅಂಗಡಿಯಲ್ಲಿ ಭಾರದ ಸೀರೆಕಟ್ಟುಗಳು ಈಗ ಎದೆಯೆತ್ತರದ ಹಲಗೆಗೆ ಇಳಿದಿವೆ. ತಿಂಗಳ ಮೊದಲ ದಿನ ದಾಸ್ತಾನು ಎಣಿಸುವಾಗ ಕೆಲಸಗಾರರೆಲ್ಲರೂ ಒಮ್ಮೆ ಕೈಜೋಡಿಸಿ ಬೆರಳುಗಳ ನಡುವಿನ ಸಂದನ್ನು ನೋಡಿಕೊಳ್ಳುವ ಪದ್ಧತಿಯೂ ಅಲ್ಲಿ ಬಂದಿದೆ. ಹಬ್ಬ, ಮದುವೆ, ಮಾರ್ಚ್ ಅಂತ್ಯ ಪ್ರತಿ ವರ್ಷವೂ ಬರುತ್ತವೆ. ಕೀಲು ಸಡಿಲಿಸಬಹುದಾದ ಆರಂಭದ ತಿಂಗಳುಗಳು ಮತ್ತೆ ಬರುವುದಿಲ್ಲ ಎಂಬುದನ್ನು ವರ್ತಕ ಬಾಂಧವರು ನೆನಪಿನಲ್ಲಿಡಬೇಕು.